ಅಪ್ಪ ಅಮ್ಮನ ಜೊತೆ ಮಾಲ್ಟಾಕ್ಕೆ 6 ದಿನ: ಹೋಗಿ ಬಂದವರು ಹೇಳಿ

ಸಾಗರದ ಮಗಳು:
ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಸಾಗರದಿಂದ ಬರುತ್ತಿದ್ದಾರೆ. ಹೋದ ಸಲ ಪ್ಯಾರಿಸ್, ಸ್ವಿಟ್ಜರ್‌ಲೆಂಡ್ ಎಲ್ಲ ಆಯ್ತು. "ಹಿಮ ನೋಡಿ ಸಾಕಾಯ್ತು, ಎಲ್ಲಾದರೂ ಹಳೇ ಊರು ತೋರಿಸು" ಅಂತ ಈ ಸಲ ಅಪ್ಪನ ಅಪ್ಪಣೆ. ಅವರು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. ಹಾಗಾಗಿ ಇಟಲಿಯ ಕೆಳಗಿರುವ ದ್ವೀಪದೇಶ ಮಾಲ್ಟಾ ಅಂದುಕೊಂಡಿದ್ದೇವೆ. ಅಮ್ಮನಿಗೆ ಮಂಡಿನೋವು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮ ಯಜಮಾನರ ಆಫೀಸಿನಲ್ಲಿ "ಅಲ್ಲಿ ಬೀಚು, ಪಬ್ಬು ಬಿಟ್ಟರೆ ಏನಿದೆ, ಎರಡು ದಿನ ಸಾಕು" ಅಂದರಂತೆ. ನಿಜವಾ? 6 ದಿನ ಜಾಸ್ತಿ ಆಗುತ್ತಾ?

ಬಸವನಗುಡಿ ಬ್ಯಾಗು:
ನನ್ನ ಕೇಳಿದರೆ ಎರಡು ದಿನವೂ ಜಾಸ್ತಿ. ನಾನು ಹೋಗಿದ್ದು ಆಗಸ್ಟ್‌ನಲ್ಲಿ. ಬಿಸಿಲಿಗೆ ಕಲ್ಲಿನ ಗೋಡೆ ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಬಸ್ಸು ತುಂಬಿ ಬಂದು ನಿಲ್ಲಿಸದೆ ಹೋಗುತ್ತಿತ್ತು, ಮೂರು ಬಸ್ಸು ಹಾಗೇ ಹೋದವು. ಕೊಮಿನೋ ದ್ವೀಪದ ಬ್ಲೂ ಲಗೂನ್ ಅಂತ ಎಲ್ಲರೂ ಫೋಟೋ ಹಾಕುತ್ತಾರಲ್ಲ, ಅಲ್ಲಿ ನೀರು ನಿಜವಾಗಲೂ ನೀಲಿ. ಆದರೆ ಟವೆಲ್ ಹಾಸುವಷ್ಟು ಜಾಗ ಸಿಕ್ಕಲಿಲ್ಲ. ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ರಾತ್ರಿ ಇದ್ದ ಹಾಗಿತ್ತು, ಈಜುಡುಗೆ ಒಂದು ಹೆಚ್ಚುವರಿ. ಊರಲ್ಲಿ ಎಲ್ಲಿ ನೋಡಿದರೂ ಕ್ರೇನು, ಸಿಮೆಂಟು, ಧೂಳು.

ಇನ್ನೊಂದು ಹೇಳಬಾರದು, ಆದರೂ ಹೇಳುತ್ತೇನೆ. ಗೋಜೋ ದ್ವೀಪದಲ್ಲಿ ಸಮುದ್ರದ ಮೇಲೆ ಕಲ್ಲಿನ ದೊಡ್ಡ ಕಮಾನು ಇದೆ, ಅಜೂರ್ ವಿಂಡೋ, ಅದನ್ನು ನೋಡಲೇಬೇಕು ಅಂತ ಸ್ನೇಹಿತನ ಹಳೇ ಗೈಡ್ ಪುಸ್ತಕ ಹಿಡಿದುಕೊಂಡು ಹೋದೆ. ಅಲ್ಲಿ ಕಮಾನೇ ಇಲ್ಲ. 2017ರ ಮಾರ್ಚ್ 8ರಂದೇ ಬಿರುಗಾಳಿಗೆ ಬಿದ್ದುಹೋಗಿದೆ. ನಾನು ಹೋಗಿದ್ದು 2019ರಲ್ಲಿ.

ಮೊಸರನ್ನ:
😂😂 ಬಿದ್ದುಹೋದ ಕಮಾನಿಗೆ ಮಾಲ್ಟಾ ಏನು ಮಾಡುತ್ತೆ ಸ್ವಾಮಿ.

ಕಡಲಾಚೆ ಬಾಯಿ:
ಅಕ್ಕ, ನಾನು ಮಂಗಳೂರಿನವಳು. ಇಲ್ಲಿ ಮಾಲ್ಟಾದಲ್ಲಿ ನಾಲ್ಕು ವರ್ಷದಿಂದ ನರ್ಸ್. ಬ್ಯಾಗು ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದು ಆಗಸ್ಟಿನ ಕಥೆ. ಆ ತಿಂಗಳು ನಾವೇ ಮನೆಯಿಂದ ಹೊರಗೆ ಬರುವುದಿಲ್ಲ ಮಾರಾಯ್ರೆ. ಏಪ್ರಿಲ್ ಬಹಳ ಒಳ್ಳೆಯದು. ಹೊಲದಲ್ಲೆಲ್ಲ ಹೂವು ಇರುತ್ತದೆ. ಬೇಸಗೆಗೆ ಅದೇ ಹೊಲ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ದೇಶ ಚಿಕ್ಕದು. ಎಲ್ಲ ದ್ವೀಪ ಸೇರಿ 316 ಚದರ ಕಿಲೋಮೀಟರ್, ಹಳೇ ಬಿಬಿಎಂಪಿಯ ಅರ್ಧವೂ ಆಗುವುದಿಲ್ಲ. ಅದರಲ್ಲಿ ಐದು ಲಕ್ಷಕ್ಕೂ ಜಾಸ್ತಿ ಜನ. ಹಾಗಾಗಿ ದೂರ ಕಡಿಮೆ, ಟ್ರಾಫಿಕ್ ಜಾಸ್ತಿ. ನಕ್ಷೆಯಲ್ಲಿ 8 ಕಿಲೋಮೀಟರ್ ಅಂತ ನಂಬಬೇಡಿ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಅಮ್ಮನ ಮಂಡಿಗೆ ಒಂದು ಉಪಾಯ ಉಂಟು. ಎಲ್ಲರೂ ಸ್ಲೀಮಾದಲ್ಲಿ ರೂಮು ಮಾಡುತ್ತಾರೆ. ಅಲ್ಲಿಂದ ರಾಜಧಾನಿ ವಲೆಟ್ಟಾಕ್ಕೆ ಫೆರಿ ಉಂಟು, ಆದರೆ ಇಳಿದ ಮೇಲೆ ಕಡಿದಾದ ಏರು. ವಲೆಟ್ಟಾ ಅಂದರೆ ಗುಡ್ಡದ ಬೆನ್ನ ಮೇಲೆ ಕೂತ ಊರು, ಎರಡೂ ಕಡೆ ರಸ್ತೆಯೇ ಮೆಟ್ಟಿಲು. ನೀವು ಎದುರು ದಂಡೆಯ ಬಿರ್ಗು ಕಡೆ ಮನೆ ಮಾಡಿ. ಅಲ್ಲಿನ ಫೆರಿ ಇಳಿಸುವ ಹತ್ತಿರವೇ ಬರಾಕ್ಕಾ ಲಿಫ್ಟು. ಸುಮಾರು 58 ಮೀಟರ್ ಮೇಲೆ, ನೇರ ಊರಿನ ನೆತ್ತಿಗೆ ಬಿಡುತ್ತದೆ. ಮಧ್ಯಾಹ್ನ 12ಕ್ಕೆ ಅಲ್ಲಿ ಫಿರಂಗಿ ಹಾರಿಸುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಡಿ, ಎದೆ ಧಸಕ್ ಅನ್ನುತ್ತದೆ.

ಚಿಲ್ಲರೆ ವಿಷಯಗಳು: ಪ್ಲಗ್ಗು ಇಂಗ್ಲೆಂಡಿನ ಹಾಗೆ ಚೌಕದ ಮೂರು ಪಿನ್ನು, ನಿಮ್ಮ ಜರ್ಮನಿಯದು ಕೂರುವುದಿಲ್ಲ. ಗಾಡಿ ಎಡಗಡೆ ಓಡುತ್ತದೆ, ಅಪ್ಪನಿಗೆ ಖುಷಿಯಾಗಬಹುದು. ನದಿ ಒಂದೂ ಇಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ಕುಡಿದರೆ ಏನೂ ಆಗುವುದಿಲ್ಲ, ಆದರೆ ಕಾಫಿ ಕೆಡುತ್ತದೆ. ಬಾಟಲಿ ನೀರು ತನ್ನಿ. ಗೋಜೋಕ್ಕೆ ಹೋಗುವ ದೊಡ್ಡ ಹಡಗು ಚಿರ್ಕೆವ್ವಾದಿಂದ, 25 ನಿಮಿಷ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ವಾಪಸ್ ಬರುವಾಗ ಮಾತ್ರ.

ಬಸವನಗುಡಿ ಬ್ಯಾಗು:
ಅಂದರೆ ವಾಪಸ್ ಬರದಿದ್ದರೆ ಫ್ರೀ!

ಕಡಲಾಚೆ ಬಾಯಿ:
ಇದನ್ನು ಹೇಳದ ಭಾರತೀಯರನ್ನು ನಾನು ಇನ್ನೂ ನೋಡಿಲ್ಲ ಅಣ್ಣ.

ಹೊಸಪೇಟೆ ಹುಡುಗ:
ಮೇಡಂ, ನಿಮ್ಮ ತಂದೆ ಇತಿಹಾಸದ ಮೇಷ್ಟ್ರು ಅಂದಿರಿ. ಹಾಗಾದರೆ ಅವರಿಗೆ ಒಂದು ಇಸವಿ ಹೇಳಿ: 1565.

ನಮಗೆಲ್ಲ 1565 ಅಂದರೆ ರಕ್ಕಸ ತಂಗಡಿ. ಜನವರಿ 23. ಹಂಪಿ ಹಾಳಾದ ವರ್ಷ. ನಮ್ಮ ಕಡೆ ಹುಡುಗರಿಗೆ ಬೇರೆ ಇಸವಿ ಮರೆತರೂ ಇದು ಮರೆಯುವುದಿಲ್ಲ. ಮಾಲ್ಟಾದವರಿಗೂ ಹಾಗೇ, ಅದೇ ಇಸವಿ. ಆ ವರ್ಷ ಮೇ 18ಕ್ಕೆ ಆಟೊಮನ್ ತುರ್ಕರ ಹಡಗುಗಳು ಬಂದು ದ್ವೀಪಕ್ಕೆ ಮುತ್ತಿಗೆ ಹಾಕಿದವು. ಒಳಗಿದ್ದವರು ಸಂತ ಜಾನರ ಹೆಸರಿನ ಕ್ರೈಸ್ತ ಯೋಧರ ಸಂಘದವರು, ಅಂದರೆ ನೈಟ್‌ಗಳು, ಕೆಲವು ನೂರು ಜನ, ಉಳಿದವರು ಊರ ಜನ, ಸಿಪಾಯಿಗಳು. ಸೇಂಟ್ ಎಲ್ಮೋ ಅನ್ನುವ ಸಣ್ಣ ಕೋಟೆ ಒಂದು ತಿಂಗಳು ತಡೆದು ಜೂನ್ 23ಕ್ಕೆ ಬಿತ್ತು. ಉಳಿದ ಕೋಟೆಗಳು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು. ಇವತ್ತಿಗೂ ಆ ದಿನ ಅಲ್ಲಿ ಸರ್ಕಾರಿ ರಜೆ.

ಆ ನೈಟ್‌ಗಳ ಮುಖ್ಯಸ್ಥ ಝಾಂ ದ ವಲೆಟ್. ಮುಂದಿನ ವರ್ಷ, 1566ರ ಮಾರ್ಚ್ 28ಕ್ಕೆ, ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಕಲ್ಲು ಇಟ್ಟ. ಅದೇ ವಲೆಟ್ಟಾ. ಊರು ಮುಗಿಯುವ ಮೊದಲೇ, 1568ರಲ್ಲಿ, ತೀರಿಕೊಂಡ.

ನಾನು ಹಂಪಿ ಬಜಾರಿನಲ್ಲಿ ಆಡಿ ಬೆಳೆದವನು. ವಲೆಟ್ಟಾದ ನೇರ ರಸ್ತೆಯಲ್ಲಿ ನಿಂತಾಗ ಇದೇ ತಲೆಗೆ ಬಂತು. ಇತ್ತ ಒಂದು ಊರು ಮುಗಿದ ಮರುವರ್ಷವೇ ಅತ್ತ ಇನ್ನೊಂದು ಊರು ಶುರು. ಅಲ್ಲಿ ಇವತ್ತೂ ಜನ ಬಟ್ಟೆ ಒಣಹಾಕಿರುತ್ತಾರೆ, ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು ಅನ್ನಿ.

ಕಲ್ಲು ಮಾತ್ರ ನಮ್ಮದೇ ಗಟ್ಟಿ. ಅವರದು ಜೇನಿನ ಬಣ್ಣದ ಸುಣ್ಣಕಲ್ಲು, ನೋಡಲು ಚಂದ, ಆದರೆ ಮೆತ್ತಗೆ. ಸಮುದ್ರದ ಗಾಳಿಗೆ ಜೇನುಗೂಡಿನ ಹಾಗೆ ತೂತು ಬೀಳುತ್ತದೆ.

ಸಾಗರದ ಮಗಳು:
ಅಪ್ಪನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಐದು ಸೆಕೆಂಡ್ ಮಾತಿಲ್ಲ. ಆಮೇಲೆ "ಟಿಕೆಟ್ ಮಾಡಿಯಾಯ್ತಾ?" ಅಂದರು.

ಕುಂಚ ಮೇಷ್ಟ್ರು:
ವಲೆಟ್ಟಾದ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೊರಗಿನಿಂದ ಗೋದಾಮಿನ ಹಾಗಿದೆ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಚಿನ್ನದ ಕೆತ್ತನೆ. ನೆಲ ಪೂರ್ತಿ ಬಣ್ಣದ ಅಮೃತಶಿಲೆಯ ಸಮಾಧಿಗಳು, ಸುಮಾರು 400. ಮೊನಚು ಹಿಮ್ಮಡಿಯ ಚಪ್ಪಲಿಗೆ ಪ್ರವೇಶ ಇಲ್ಲ, ಕಲ್ಲು ಹಾಳಾಗುತ್ತೆ ಅಂತ. ನಾನು ಹೋದಾಗ ಟಿಕೆಟ್ 15 ಯೂರೋ ಇತ್ತು. ದುಬಾರಿ. ಆದರೂ ಕೊಡಿ.

ಕಾರಣ ಒಂದೇ ಚಿತ್ರ. ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ಸಂತ ಜಾನನ ಶಿರಚ್ಛೇದ. ಅವನ ಚಿತ್ರಗಳಲ್ಲೆಲ್ಲ ಇದೇ ದೊಡ್ಡದು, ಸುಮಾರು ಐದು ಮೀಟರ್ ಅಗಲ. ಅವನು ಸಹಿ ಹಾಕಿರುವುದೂ ಇದೊಂದಕ್ಕೇ. ಸಹಿ ಎಲ್ಲಿದೆ ಗೊತ್ತಾ? ಜಾನನ ಕುತ್ತಿಗೆಯಿಂದ ಹರಿದ ರಕ್ತದಲ್ಲಿ.

ಅವನ ಕಥೆ ಇನ್ನೂ ಮಜಾ. ರೋಮಿನಲ್ಲಿ ಕೊಲೆ ಮಾಡಿ ತಲೆ ತಪ್ಪಿಸಿಕೊಂಡು ಬಂದವನು. ಮಾಲ್ಟಾದಲ್ಲಿ ಅವನನ್ನೇ ನೈಟ್ ಮಾಡಿದರು. ಕೆಲವೇ ವಾರದಲ್ಲಿ ಮತ್ತೆ ಜಗಳ, ಜೈಲು, ಅಲ್ಲಿಂದಲೂ ಪರಾರಿ. ಕೊನೆಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅವನನ್ನು ಸಂಘದಿಂದ ಹೊರಹಾಕುವ ಸಭೆ ನಡೆಯಿತು. ಸಭೆ ನಡೆದದ್ದು ಚಿತ್ರ ಇರುವ ಇದೇ ಕೋಣೆಯಲ್ಲಿ, ಅವನೇ ಬರೆದ ಈ ಚಿತ್ರದ ಎದುರು! ಆಡಿಯೋ ಗೈಡ್ ಕಿವಿಯಿಂದ ತೆಗೆದು ಹತ್ತು ನಿಮಿಷ ಸುಮ್ನೆ ಕೂರಿ. ಚಿತ್ರದ ಬಲಗಡೆ ಅರ್ಧ ಭಾಗ ಹೆಚ್ಚುಕಡಿಮೆ ಖಾಲಿ ಬಿಟ್ಟಿದ್ದಾನೆ. ನನಗೆ ಆ ಖಾಲಿ ಜಾಗವೇ ಹೆಚ್ಚು ಇಷ್ಟ.

ಮೊಸರನ್ನ:
ಊಟದ ವಿಷಯ ನನಗೆ ಬಿಡಿ. ಊರಿನ ರಾಷ್ಟ್ರೀಯ ತಿಂಡಿ ಪಸ್ತಿತ್ಸಿ. ನಮ್ಮ ಬೇಕರಿ ಪಪ್ಸ್‌ನ ಅಣ್ಣ ಅನ್ನಿ, ಪದರ ಜಾಸ್ತಿ, ಎಣ್ಣೆಯೂ ಜಾಸ್ತಿ. ಒಳಗೆ ರಿಕೋಟ್ಟಾ ಗಿಣ್ಣು ಇಲ್ಲವೇ ಬಟಾಣಿ. ನೋಡಿದರೆ ಪಕ್ಕಾ ಸಸ್ಯಾಹಾರಿ. ಆದರೆ ಜೋಪಾನ! ಹಳೇ ಪದ್ಧತಿಯ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಕೆಲವರು ಮಾರ್ಗರಿನ್ ಹಾಕುತ್ತಾರೆ. ಬಾಯಿಗಿಡುವ ಮೊದಲು ಕೇಳಿ. ನಾನು ಕೇಳದೆ ಮೂರು ದಿನ ತಿಂದೆ. ನಾಲ್ಕನೇ ದಿನ ಕೇಳಿದೆ. ಅಮ್ಮನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಹೆದರದೆ ತಿನ್ನಬಹುದಾದದ್ದು ಬಿಜಿಲ್ಲಾ: ಒಣಕಾಳು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದದ್ದು, ಗಟ್ಟಿ ಚಟ್ನಿಯ ಹಾಗೆ. ಕಪುನಾತಾ ಅಂದರೆ ಬದನೆಕಾಯಿ ಟೊಮೇಟೊ ಗೊಜ್ಜು, ಉಪ್ಪು ಹುಳಿ ಸರಿ, ಖಾರ ಮಾತ್ರ ಸೊನ್ನೆ. ಫ್ತೀರಾ ಅನ್ನುವ ರೊಟ್ಟಿ ಸಿಗುತ್ತೆ, ಒಳಗೆ ಟ್ಯೂನಾ ಮೀನು ತುಂಬುತ್ತಾರೆ, "ಟ್ಯೂನಾ ಬೇಡ" ಅಂತ ಎರಡು ಸಲ ಹೇಳಿ. ಕಿನ್ನೀ ಅಂತ ಒಂದು ಪಾನೀಯ ಇದೆ, ಕಹಿ ಕಿತ್ತಳೆಯದು. ಮೊದಲ ಗುಟುಕಿಗೆ ಕಷಾಯ, ಮೂರನೇ ಬಾಟಲಿಗೆ ಚಟ.

ಗುಮ್ಮಟದ ನೆರಳು:
ಭಾಷೆ ಬಗ್ಗೆ ಒಂದು ಮಾತು. ನಾನು ವಿಜಯಪುರದವನು, ಮನೆಯಲ್ಲಿ ಉರ್ದು. ಬಸ್ಸಿನಲ್ಲಿ ಇಬ್ಬರು ಅಜ್ಜಿಯರು ಮಾತಾಡುತ್ತಿದ್ದರು, ನಡುನಡುವೆ ಗೊತ್ತಿರುವ ಪದಗಳು ಕಿವಿಗೆ ಬಿದ್ದವು. ಮಾಲ್ಟೀಸ್ ಮೂಲದಲ್ಲಿ ಅರಬ್ಬಿಯ ಮಗಳು, ಮೇಲೆ ಇಟಾಲಿಯನ್ ಸೀರೆ ಉಟ್ಟಿದ್ದಾಳೆ, ಲಿಪಿ ರೋಮನ್. ನಮ್ಮ ದುನಿಯಾ ಅವರಿಗೆ ದಿನ್ಯಾ, ಕಿತಾಬು ಕ್ತೀಬ್. ಹೆಚ್ಚುಕಡಿಮೆ ಎಲ್ಲರೂ ಕ್ಯಾಥೊಲಿಕ್ಕರು, ಆದರೆ ಚರ್ಚಿನಲ್ಲಿ ದೇವರನ್ನು ಕರೆಯುವುದು ಅಲ್ಲಾ ಅಂತ. ಈಸ್ಟರ್‌ಗೆ ಮುಂಚಿನ ಉಪವಾಸಕ್ಕೆ ರಂದಾನ್ ಅನ್ನುತ್ತಾರೆ. ಊರಿಗೆ ಬಂದು ಅಮ್ಮಿಗೆ ಹೇಳಿದರೆ ನಂಬಲೇ ಇಲ್ಲ.

ಕಡಲಾಚೆ ಬಾಯಿ:
ನಾನು ಬಂದ ಮೊದಲ ವಾರ ಪೂಜೆಗೆ ಹೋಗಿ "ಅಲ್ಲಾ" ಕೇಳಿ ತಪ್ಪು ಜಾಗಕ್ಕೆ ಬಂದೆನಾ ಅಂತ ಹೊರಗೆ ಹೋಗಿ ಬೋರ್ಡು ನೋಡಿದ್ದೆ. ಅಕ್ಕ, ಚರ್ಚುಗಳಲ್ಲಿ ಎರಡೆರಡು ಗಡಿಯಾರ ಕಾಣಿಸುತ್ತದೆ, ಅದನ್ನು ಗಮನಿಸಿ. ಒಂದು ಸರಿ ಹೊತ್ತು, ಇನ್ನೊಂದು ತಪ್ಪು. ಸೈತಾನನಿಗೆ ಪೂಜೆಯ ಹೊತ್ತು ಗೊತ್ತಾಗಬಾರದು ಅಂತ ಮಾಡಿದ್ದು ಅನ್ನುತ್ತಾರೆ. ಬೇಸಗೆಯಲ್ಲಿ ಊರೂರಿಗೂ ಫೆಸ್ತಾ, ಬ್ಯಾಂಡು, ಪಟಾಕಿ, ಪ್ರತಿಮೆಯ ಮೆರವಣಿಗೆ. ನನಗೆ ಅತ್ತೂರಿನ ಸಾಂತ್‌ಮಾರಿ ನೆನಪಾಗಿ ಅಳು ಬರುತ್ತದೆ.

ಕೊಪ್ಪಳದ ಕಲ್ಲು:
ಎಲ್ಲರೂ ನಾನೂರು ವರ್ಷದ ಮಾತಾಡಾಕತ್ತೀರಿ. ಅಲ್ರೀ, ಆ ದ್ವೀಪದಾಗ ಇರೋ ಖರೇ ಹಳೇದು ಯಾರೂ ಹೇಳಲೇ ಇಲ್ಲ.

ಗೋಜೋದಲ್ಲಿ ಜಗಂತೀಯಾ ಅಂತ ಒಂದು ಗುಡಿ ಇದೆ. ಕ್ರಿಸ್ತಪೂರ್ವ 3600ರ ಸುಮಾರಿನದು. ಈಜಿಪ್ಟಿನ ಗೀಜಾ ಪಿರಮಿಡ್ಡಿಗಿಂತ ಸಾವಿರ ವರ್ಷ ಹಳೇದು. ಕಟ್ಟಿದವರ ಹತ್ತಿರ ಲೋಹ ಇರಲಿಲ್ಲ. ಕೆಲವು ಕಲ್ಲು 50 ಟನ್ನಿಗೂ ಭಾರ. ಊರ ಜನರ ಕಥೆ ಏನಂದರೆ, ಒಬ್ಬ ದೈತ್ಯ ಹೆಂಗಸು ಕಾಳು, ಜೇನುತುಪ್ಪ ತಿಂದು, ಹೆಗಲ ಮೇಲೆ ಕೂಸು ಇಟ್ಟುಕೊಂಡು ಕಲ್ಲು ಹೊತ್ತಳಂತೆ. ನಮ್ಮ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳನ್ನು ಗಿಡ್ಡ ಜನ ಮೊರೇರು ಕಟ್ಟಿದರು ಅಂತ ನಮ್ಮಜ್ಜ ಹೇಳುತ್ತಿದ್ದ. ಅಲ್ಲಿ ದೈತ್ಯರು, ಇಲ್ಲಿ ಗಿಡ್ಡರು. ನಮ್ಮಂಥ ಸಾದಾ ಮನುಷ್ಯರು ಕಟ್ಟಿದರು ಅಂದರೆ ಎಲ್ಲಿಯೂ ನಂಬೋದಿಲ್ಲ ನೋಡ್ರಿ.

ದೊಡ್ಡ ದ್ವೀಪದಲ್ಲಿ ಹಜಾರ್ ಇಮ್, ಇಮ್ನಾಯ್ದ್ರಾ ಅಂತ ಎರಡು ಗುಡಿ, ಸಮುದ್ರದ ದಂಡೆ ಮೇಲೆ ಅಕ್ಕಪಕ್ಕ. ಹಗಲು ರಾತ್ರಿ ಸಮ ಇರುವ ದಿನ ಇಮ್ನಾಯ್ದ್ರಾದ ಬಾಗಿಲಿಂದ ಬೆಳಗಿನ ಬಿಸಿಲು ನೇರ ಒಳಗೆ ಹೋಗುತ್ತದೆ. 2009ರಲ್ಲಿ ಎರಡಕ್ಕೂ ಮೇಲೆ ಬಿಳೀ ಡೇರೆ ಹಾಕಿದ್ದಾರೆ. ಕೆಲವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ. ನನಗೇನೂ ಅನಿಸಲಿಲ್ಲ. ಹಿರೇಬೆಣಕಲ್ಲಿನ ಕಲ್ಲುಮನೆಗಳಲ್ಲಿ ಎಷ್ಟೋ ಕುಸಿದು ಬಿದ್ದಿವೆ. ಅದನ್ನು ನೋಡಿದವನಿಗೆ ಡೇರೆ ಚಂದವೇ ಕಾಣುತ್ತದೆ.

ಎಲ್ಲಕ್ಕಿಂತ ಮೇಲು ಹೈಪೋಜಿಯಮ್. ಮೇಲಲ್ಲ, ಕೆಳಗೆ! 1902ರಲ್ಲಿ ಮನೆ ಕಟ್ಟಲು ನೀರಿನ ತೊಟ್ಟಿ ತೋಡುವಾಗ ಸಿಕ್ಕ ನೆಲಮಾಳಿಗೆ. ಮೂರು ಅಂತಸ್ತು, ಎಲ್ಲ ಬಂಡೆಯನ್ನೇ ಕೊರೆದು ಮಾಡಿದ್ದು. ಸುಮಾರು 7,000 ಜನರ ಎಲುಬು ಇತ್ತು ಅಂತ ಅಂದಾಜು. ಚಾವಣಿಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಸುರುಳಿ ಇನ್ನೂ ಇದೆ. ಜನರ ಉಸಿರಿಗೆ ಅದು ಹಾಳಾಗಬಾರದು ಅಂತ ಒಂದು ಸಲಕ್ಕೆ 10 ಜನ, ದಿನಕ್ಕೆ 80 ಜನ, ಅಷ್ಟೇ. ಫೋನು, ಬ್ಯಾಗು ಹೊರಗೆ. ಮೇಡಂ, ವಿಮಾನದ ಟಿಕೆಟಿಗಿಂತ ಮೊದಲು ಇದರ ಟಿಕೆಟ್ ತಗೊಳ್ರಿ. ತಿಂಗಳುಗಟ್ಟಲೆ ಮೊದಲೇ ಖಾಲಿ ಆಗುತ್ತದೆ.

ಬಸವನಗುಡಿ ಬ್ಯಾಗು:
ನನಗೆ ಟಿಕೆಟ್ ಸಿಕ್ಕಿರಲಿಲ್ಲ. ಗುಂಡಿಯೊಳಗೆ ಇಳಿಯೋಕೆ ಇಷ್ಟು ಕಾಯಬೇಕಾ ಅಂತ ಬಿಟ್ಟೆ.

ಕೊಪ್ಪಳದ ಕಲ್ಲು:
ಬಿದ್ದ ಕಮಾನು ನೋಡಾಕ ಹೋಗಿದ್ರಿ, ಇರೋ ಗುಂಡಿ ಬಿಟ್ಟು ಬಂದ್ರಿ.

ಹುಬ್ಬಳ್ಳಿ ಹಾದಿ:
ಊರಿಂದಲೇ ಹೊರಡುವವರಿಗೆ ವೀಸಾ ಹೆಂಗ? ನಾವು ನವೆಂಬರ್‌ಗೆ ನೋಡುತ್ತಿದ್ದೇವೆ.

ಕಡಲಾಚೆ ಬಾಯಿ:
ಶೆಂಗೆನ್ ವೀಸಾವೇ ಸಾಕು ಅಣ್ಣ. ದೊಡ್ಡವರಿಗೆ 90 ಯೂರೋ ಶುಲ್ಕ, ಸೇವಾ ಶುಲ್ಕ ಬೇರೆ. 30,000 ಯೂರೋ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಬಿಡಬೇಡಿ. ಬೆಂಗಳೂರಿಂದ ನೇರ ವಿಮಾನ ಇಲ್ಲ, ಎಲ್ಲಾದರೂ ಇಳಿದು ಹತ್ತಬೇಕು. ಒಂದು ಬೇರೆ ವಿಷಯ: ಕೆಲಸಕ್ಕೆ ಅಂತ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಏಜೆಂಟರ ಮಾತು ಕೇಳಿ ಮೊದಲೇ ಲಕ್ಷಗಟ್ಟಲೆ ಕೊಡಬೇಡಿ. ನನ್ನ ರೂಮಿನವಳು ಕೊಟ್ಟು ಎರಡು ವರ್ಷ ಸಾಲ ತೀರಿಸಿದಳು.

ಸಾಗರದ ಮಗಳು:
ಹೋಗಿ ಬಂದೆವು! ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ, ಅಪ್ಪ ಅಮ್ಮನನ್ನು ನಿನ್ನೆ ವಿಮಾನ ಹತ್ತಿಸಿ ಬಂದೆ, ಮನೆ ಭಣಭಣ ಅನ್ನುತ್ತಿದೆ.

ಬಿರ್ಗುದಲ್ಲೇ ಮನೆ ಮಾಡಿದೆವು, ಅಡುಗೆ ಒಲೆ ಇರುವಂಥದ್ದು. ಫೆರಿ, ಲಿಫ್ಟು ಎರಡೂ ಅಮ್ಮನಿಗೆ ವರವಾಯ್ತು, ಬಾಯಿ ಅವರೇ ನಿಮಗೆ ದೊಡ್ಡ ನಮಸ್ಕಾರ. ಮೊದಲ ದಿನ ಬರಾಕ್ಕಾ ತೋಟದಲ್ಲಿ 12 ಗಂಟೆಯ ಫಿರಂಗಿ ಆಯ್ತು. ಹೇಳಿಟ್ಟಿದ್ದರೂ ಅಮ್ಮ "ರಾಮಾ" ಅಂದರು. ಅಪ್ಪ ಮಾತ್ರ ಕಟ್ಟೆ ಹಿಡಿದು ಎದುರಿನ ಸೇಂಟ್ ಆಂಜೆಲೋ ಕೋಟೆಯನ್ನೇ ನೋಡುತ್ತಿದ್ದರು. "ಮೂವತ್ತು ವರ್ಷ ಬೋರ್ಡಿನ ಮೇಲೆ 1565 ಅಂತ ಬರೆದೆ. ಅದೇ ವರ್ಷ ಇಲ್ಲಿ ಹೀಗೆ ನಡೀತಿತ್ತು ಅಂತ ಒಬ್ಬ ಹುಡುಗನಿಗೂ ಹೇಳಲಿಲ್ಲವಲ್ಲೇ" ಅಂದರು. ಆ ರಾತ್ರಿಯೇ ಹಳೇ ಶಿಷ್ಯರ ಗುಂಪಿಗೆ ಉದ್ದ ಸಂದೇಶ ಹೋಯ್ತು. ಹೊಸಪೇಟೆಯವರೇ, ನಿಮ್ಮ ಮಾತನ್ನು ತಮ್ಮದೇ ಅಂತ ಹಾಕಿದ್ದಾರೆ, ಕ್ಷಮಿಸಿ.

ಇಮ್ದೀನಾ ಅಮ್ಮನಿಗೆ ತುಂಬ ಹಿಡಿಸಿತು. ಕೋಟೆಯೊಳಗಿನ ಹಳೇ ರಾಜಧಾನಿ, ಒಳಗೆ 300 ಜನವೂ ಇಲ್ಲ. ಕಾರಿನ ಸದ್ದಿಲ್ಲ, ನೆಲವೂ ಹೆಚ್ಚುಕಡಿಮೆ ಸಮತಟ್ಟು. ಬ್ಲೂ ಲಗೂನ್‌ಗೆ ಹೋಗಲಿಲ್ಲ. ಮಾರ್ಸಾಶ್ಲೊಕ್‌ನಲ್ಲಿ ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ. ಚಂದ. ಆದರೆ ನಾವು ಹೋಗಿದ್ದು ಭಾನುವಾರದ ಮೀನು ಸಂತೆಗೆ. ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿದು ಹತ್ತೇ ನಿಮಿಷಕ್ಕೆ ಹೊರಡಿಸಿದರು. ನನ್ನದೇ ತಪ್ಪು.

ಗೋಜೋದಲ್ಲಿ ಜಗಂತೀಯಾ ನೋಡಿ ಮೇಲಿನ ಕೋಟೆಗೆ ಹೋದೆವು. 1551ರಲ್ಲಿ ತುರ್ಕರು ಆ ದ್ವೀಪದ ಜನರನ್ನು ಹೆಚ್ಚುಕಡಿಮೆ ಪೂರ್ತಿ, ಸುಮಾರು 5,000 ಜನರನ್ನು, ಗುಲಾಮರಾಗಿ ಹಿಡಿದುಕೊಂಡು ಹೋದರಂತೆ. ಕೋಟೆ ಮೇಲೆ ನಿಂತರೆ ಇಡೀ ದ್ವೀಪ ಕಾಣುತ್ತೆ. ಅಷ್ಟೂ ಖಾಲಿ ಅಂತ ಊಹಿಸಿಕೊಂಡರೆ ಹೇಗೋ ಆಗುತ್ತೆ. ಅಪ್ಪನೂ ಅಲ್ಲಿ ಪಾಠ ಮಾಡಲಿಲ್ಲ.

ಪಸ್ತಿತ್ಸಿ ಅಂಗಡಿಯಲ್ಲಿ ಕೇಳಿದೆ. ಒಬ್ಬರು ನಿಜ ಹೇಳಿದರು, ಕೊಬ್ಬು ಇದೆ ಅಂತ. ಇನ್ನೊಂದು ಕಡೆ ಇಲ್ಲ ಅಂದರು, ಅಲ್ಲಿ ಬಟಾಣಿಯದು ತಿಂದೆವು. ಅಮ್ಮ "ಹಸಿಮೆಣಸು ಮರೆತಿದ್ದಾರೆ" ಅಂದರು. ಉಳಿದ ದಿನ ಕಪುನಾತಾ ಕಟ್ಟಿಸಿಕೊಂಡು ಬಂದು, ಮನೆಯಲ್ಲಿ ಒಗ್ಗರಣೆ ಹಾಕಿ, ಚಪಾತಿಗೆ ಗೊಜ್ಜು ಮಾಡಿದರು.

ಕೊನೆಗೆ ಹೈಪೋಜಿಯಮ್. ಎರಡೇ ಟಿಕೆಟ್ ಸಿಕ್ಕಿತ್ತು, ಅಪ್ಪನಿಗೆ ಮತ್ತು ನನಗೆ ಅಂತ. ಮೆಟ್ಟಿಲು ಇದೆ ಅಂತ ಅಮ್ಮನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ದಿನ ಬೆಳಿಗ್ಗೆ ಅಪ್ಪನಿಗೆ ಜ್ವರ. "ಟಿಕೆಟ್ ಯಾಕೆ ಹಾಳು, ನಾನೇ ಬರ್ತೀನಿ" ಅಂತ ಅಮ್ಮ ಹೊರಟರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಗೈಡ್ ಹುಡುಗಿ ಪಾಪ ನಿಂತು ನಿಂತು ಕರೆದುಕೊಂಡು ಹೋದಳು. ಕೆಮ್ಮಣ್ಣಿನ ಸುರುಳಿ ತೋರಿಸಿದಾಗ ಅಮ್ಮ ನನ್ನ ಕಿವಿಯಲ್ಲಿ "ನಮ್ಮ ಕಡೆ ಹಸೆ ಚಿತ್ತಾರಕ್ಕೂ ಕೆಮ್ಮಣ್ಣೇ ಅಲ್ವಾ" ಅಂದರು. ಆಮೇಲೆ ಹೊರಗೆ ಬರುವ ತನಕ ಒಂದು ಮಾತಿಲ್ಲ.

ಬಿರ್ಗುಗೆ ವಾಪಸ್ ಬಂದು ನಾನು ಕಾಫಿಗೆ ನೀರಿಟ್ಟೆ. ಅಪ್ಪ ಹಾಸಿಗೆಯಿಂದಲೇ "ಹೇಗಿತ್ತು?" ಅಂತ ಕೇಳಿದರು. ಅಮ್ಮ ಉತ್ತರ ಕೊಡದೆ ಟವೆಲ್ ತಗೊಂಡು ಸೀದಾ ಬಚ್ಚಲಿಗೆ. ತಲೆಗೆ ಸ್ನಾನ. ಬೇರೆ ಸೀರೆ ಉಟ್ಟು ಬಂದ ಮೇಲೇ ಕಾಫಿ ಲೋಟ ಮುಟ್ಟಿದ್ದು. "ಐದು ಸಾವಿರ ವರ್ಷ ಆಗಿದೆ ಅಮ್ಮಾ" ಅಂದೆ. "ಆದರೇನು, ಏಳು ಸಾವಿರ ಜನ ಅಂದಳಲ್ಲ ಆ ಹುಡುಗಿ" ಅಂದರು.

ಕಡಲಾಚೆ ಬಾಯಿ:
ನಲ್ಲಿ ನೀರಿಗೆ ಅಮ್ಮನ ಕೂದಲು ಅಂಟಂಟಾಗಿರಬೇಕು. ಮುಂದಿನ ಸಲ ನಮ್ಮಲ್ಲಿಗೆ ಬನ್ನಿ ಅಕ್ಕ. ಕುಚ್ಚಲಕ್ಕಿ ಗಂಜಿ ಉಂಟು, ಮಿಡಿ ಉಪ್ಪಿನಕಾಯಿ ನೀವೇ ತನ್ನಿ.